ಹಸಿರು ಗುರುತು

ಬುಧವಾರ, ಮಧ್ಯಾಹ್ನ

ಮಹಾರಾಯ,

ಅಂಚೆಯಲ್ಲಿ ನನ್ನ ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಇದನ್ನೇ ಕಂಪ್ಯೂಟರಿನಲ್ಲಿ ಕಳಿಸಿದ್ದರೆ ನೀನು ಒಂದು ಹಸಿರು ಗುರುತು ಒತ್ತಿ ಸುಮ್ಮನಾಗಿಬಿಡುತ್ತಿದ್ದೆ. ಅದಕ್ಕೇ ಪೆನ್ನು ಹುಡುಕಿ ಕೂತಿದ್ದೇನೆ. ವಿಚ್ಛೇದನದ ಕಾಗದಗಳು ಬಂದು ತಿಂಗಳಾದರೂ ಯಾಕೆ ಸಹಿ ಹಾಕಿಲ್ಲ ಎಂದು ವಕೀಲರ ಕೈಲಿ ಕೇಳಿಸಿದ್ದೀಯಲ್ಲ, ಅದಕ್ಕೆ ಉತ್ತರ ಇದು. ದಯವಿಟ್ಟು ಪೂರ್ತಿ ಓದು.

ಮೊನ್ನೆ ಚಿಕ್ಕಮ್ಮ ಬಂದಿದ್ದಳು. ವರ್ಷಗಳಿಂದ ಕೇಳುತ್ತಿರುವುದನ್ನೇ ಮತ್ತೆ ಕೇಳಿದಳು, ಅಲ್ವೇ, ನೀವಿಬ್ರೂ ಮಾಡ್ತಿದ್ದದ್ದಾದ್ರೂ ಏನೇ ಅಂತ. ಡೇಟಾಬೇಸ್ ಅಂದರೆ ಆಸ್ಪತ್ರೆ, ಅಂಗಡಿ, ಗ್ರಂಥಾಲಯದವರು ತಮ್ಮ ದಾಖಲೆಗಳನ್ನೆಲ್ಲ ತುಂಬಿಡುವ ಉಗ್ರಾಣ ಇದ್ದಂತೆ. ನಮ್ಮದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ರಿಪೇರಿ ಮಾಡಬಹುದು ಎಂದೆ. ಅಯ್ಯೋ, ಬಿಟ್ಟಿ ಚಾಕರಿಗೆ ಸಂಸಾರ ಹಾಳು ಮಾಡ್ಕೊಂಡ್ರಾ ಅಂತ ಹಣೆ ಚಚ್ಚಿಕೊಂಡಳು. ನನಗೆ ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹಾಳಾದದ್ದು ಅದರಿಂದಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಕಿವಿಯಲ್ಲೇ ಇದೆ: ನಿನ್ನ ಜೊತೆ ಬದುಕೋದಂದ್ರೆ ದಿನಾ ಪರೀಕ್ಷೆ ಬರೆದಂಗೆ, ನಂಗೆ ಸಾಕಾಗಿಹೋಯ್ತು ಕಣೇ. ಆಗಲೂ ನಾನು, ಜಿಪ್ ಸರಿಯಾಗಿ ಹಾಕಿಲ್ಲ ನೋಡು ಅಂದೆ. ಹಾಳು ಬಾಯಿ ನನ್ನದು.

ಮನೆ ಬಿಟ್ಟರೂ ನೀನು ಕೆಲಸ ಬಿಡಲಿಲ್ಲ. ಕೋಡ್ ಬರೆದವರೇ ತಮ್ಮ ಬದಲಾವಣೆಗೆ ಒಪ್ಪಿಗೆ ಕೊಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರು ಓದಿ ಹಸಿರು ಗುರುತು ಹಾಕಬೇಕು. ಅಡುಗೆಮನೆಯ ಮೇಜಿನ ಮುಂದೆ ಕೂತು ನಾವೇ ಮಾಡಿದ ನಿಯಮ ಅದು. ನನ್ನ ಕೋಡಿಗೆ ಆ ಇನ್ನೊಬ್ಬ ಯಾವತ್ತೂ ನೀನೇ. ಎಷ್ಟು ಜಗಳ ಆಡಿದ್ದೀಯ! ಕೋಡಿನೊಳಗೆ ನಾನಿಟ್ಟ ಒಂದು ಹೆಸರು ಉದ್ದವಾಯಿತೆಂದು ಮಾರುದ್ದ ಆಕ್ಷೇಪ ಬರೆದವನು ನೀನು. ನಾನು ಅದಕ್ಕೆ ಎದುರುತ್ತರ ಬರೆದರೆ ಪಕ್ಕದ ಕೋಣೆಯಿಂದ ನೀನು ಮೊಂಡೀ ಎಂದು ಕೂಗುತ್ತಿದ್ದೆ. ಹೋದಮೇಲೆ ಜಗಳ ನಿಂತಿತು. ಕಳಿಸಿದ್ದಕ್ಕೆಲ್ಲ ಹಸಿರು. ನನ್ನ ಮೇಲೆ ಅಷ್ಟೊಂದು ನಂಬಿಕೆ ಬಂತೇ ಎಂದು ಮೊದಮೊದಲು ಉಬ್ಬಿಹೋಗಿದ್ದೆ.

ಆಮೇಲೆ, ಓದದೆಯೇ ಒತ್ತುತ್ತಿದ್ದೀಯೇನೋ ಎಂದು ಸಂಶಯ ಶುರುವಾಯಿತು. ಕಳೆದ ವಾರ ನಮ್ಮ ಡೇಟಾಬೇಸ್ ಬಳಸುವ ಒಂದು ಪಶು ಆಸ್ಪತ್ರೆಯ ಹೆಂಗಸು ಬರೆದಿದ್ದಳು, ಕರೆಂಟು ಹೋಗಿ ಬಂದರೆ ಕೊನೆಯದಾಗಿ ಬರೆಸಿದ ಪ್ರಾಣಿಯೇ ಮಾಯ, ಜನರ ಮುಂದೆ ಮಾನ ಹೋಗ್ತಿದೆ ಅಂತ. ಆ ದೋಷಕ್ಕೆ ಸರಿಯಾದ ಪರಿಹಾರ ನನ್ನ ಬಳಿ ಸಿದ್ಧವಿತ್ತು. ಅದನ್ನು ಕಳಿಸಲಿಲ್ಲ. ದಾಖಲೆಗಳನ್ನು ಮರಳಿ ತರುವಾಗ ಕೊನೆಯದೊಂದನ್ನು ಬಿಟ್ಟೇ ನಿಲ್ಲುವಂತೆ, ಬೇಕೆಂದೇ, ತಪ್ಪು ಬರೆದು ಕಳಿಸಿದೆ. ನಿದ್ದೆಗಣ್ಣಲ್ಲೂ ನೀನು ಹಿಡಿಯುವಂಥ ತಪ್ಪು. ಉರಿದುಬೀಳುತ್ತೀಯ, ತಲೆ ಕೆಟ್ಟಿದ್ಯಾ ನಿಂಗೆ ಅಂತ ಬರೆಯುತ್ತೀಯ ಎಂದು ಆ ಒಂದು ಸಾಲಿಗಾಗಿ ಆಸೆಪಟ್ಟು ಕಾದೆ. ಟೀ ಮಾಡಿಕೊಂಡು ಬರುವಷ್ಟರಲ್ಲಿ ಹಸಿರು ಬಿದ್ದಿತ್ತು.

ಟೀ ಅಲ್ಲೇ ಇಟ್ಟೆ. ಆ ತಪ್ಪು ಯಾರ ಕೈಗೂ ತಲುಪುವ ಮುಂಚೆಯೇ, ಹಿಂದಿನದರಲ್ಲಿ ದೊಡ್ಡ ತಪ್ಪಿದೆ ಎಂದು ಬರೆದು ಸರಿಯಾದದ್ದನ್ನು ಕಳಿಸಿದೆ. ಏನಾಗಿತ್ತು ಎಂದಾದರೂ ಕೇಳಬಾರದಿತ್ತೇ? ಅದಕ್ಕೂ ಹಸಿರು! ಪಶು ಆಸ್ಪತ್ರೆಯವಳು, ಈಗ ಸರಿಹೋಯ್ತು ಮೇಡಂ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಎಂದು ಬರೆದಿದ್ದಾಳೆ. ಇಟ್ಟಿದ್ದಾನಲ್ಲ, ಭಾಳ ಚೆನ್ನಾಗಿ ಇಟ್ಟಿದ್ದಾನೆ.

ಹೌದು, ಇದೂ ಪರೀಕ್ಷೆಯೇ. ನೀನು ಯಾವುದಕ್ಕೆ ಬೇಸತ್ತು ಹೋದೆಯೋ ಅದನ್ನೇ ಮತ್ತೆ ಮಾಡಿದ್ದೇನೆ, ಬಯ್ಯಿ. ಆದರೆ ಸಹಿ ಹಾಕದೆ ಕೂತದ್ದು ಹಟಕ್ಕಲ್ಲ. ಗಂಡ ಹೋದರೂ ನಾನು ಬರೆದದ್ದನ್ನು ಸಾಲುಸಾಲಾಗಿ ಓದುವವನು ಇನ್ನೂ ಅಲ್ಲಿದ್ದಾನೆ ಅಂದುಕೊಂಡಿದ್ದೆ. ಅವನು ಇರುವಾಗ ಸಹಿ ಹಾಕಲು ಮನಸ್ಸು ಬರಲಿಲ್ಲ. ಪ್ರೀತಿ ಬೇಡ, ಒಂದಿಷ್ಟು ತಕರಾರು ಉಳಿದಿದ್ದರೂ ನನಗೆ ಸಾಕಿತ್ತು. ಇನ್ನು ಮುಂದೆ ನನ್ನ ಕೋಡನ್ನು ಬೇರೆ ಯಾರಾದರೂ ನೋಡಲಿ ಎಂದು ನಮ್ಮ ಜೊತೆ ಕೋಡ್ ಬರೆಯುವ ಗುಂಪಿಗೆ ತಿಳಿಸಿದ್ದೇನೆ. ನಿನಗೂ ಒಂದು ಹೊರೆ ಇಳಿಯಿತು. ಬೆನ್ನು ನೋವೆಂದು ಯಾರೋ ಹೇಳಿದರು, ಕುರ್ಚಿ ಬದಲಾಯಿಸು.

ಇಂತಿ,
ನೀನೇ ಹೆಸರಿಟ್ಟ
ತಕರಾರಮ್ಮ

ತಾ.ಕ.: ಕಾಗದಗಳಿಗೆ ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಒಂದೊಂದು ಸಾಲನ್ನೂ ಓದಿದೆ. ಒಳಗೊಂದು ಕಡೆ ನಮ್ಮ ಮದುವೆಯ ವರ್ಷ ತಪ್ಪಾಗಿತ್ತು. ನಾನು ಓದುತ್ತೇನೋ ಇಲ್ಲವೋ ನೋಡಲು ನೀನೇ ಬೇಕೆಂದು ಹಾಕಿಸಿದ್ದೀಯ ಅಂದುಕೊಂಡು, ನಾಚಿಕೆಗೆಟ್ಟವಳು, ಇಡೀ ಬೆಳಿಗ್ಗೆ ಖುಷಿಯಾಗಿದ್ದೆ. ಆಮೇಲೆ ವಕೀಲರ ಕಚೇರಿಗೆ ಫೋನ್ ಮಾಡಿದೆ. ಟೈಪ್ ಮಾಡಿದವರ ಕೈತಪ್ಪಂತೆ. ನೀನು ಆ ಪುಟ ತಿರುವಿಯೂ ನೋಡಲಿಲ್ಲವಂತೆ. ಸರಿಯಾದ ವರ್ಷ ಬರೆದು ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಅಲ್ಲಿ ನಿನ್ನದೂ ಬೇಕಂತೆ. ಇದೊಂದನ್ನಾದರೂ ಓದಿ ಹಾಕು.