ಟೀಗೆ ಬಿದ್ದ ಕೈಮಾ ಬಿಸ್ಕತ್ತು

ಮಂಗಳವಾರ, 18 ನವೆಂಬರ್ 2025

ಹೆಂಡತಿ ಅನುಸೂಯ ಇವತ್ತು ತಿಂಡಿಗೆ ಎರಡು ಬಿಸ್ಕತ್ತು ತಿಂದಳು. ಸುದ್ದಿ ಕೊಟ್ಟಿದ್ದು ಅವ್ವ, ಫೋನಿನಲ್ಲಿ. ನಾನಾಗ ಹೊಳಲ್ಕೆರೆಗೆ ಡ್ಯೂಟಿಗೆ ಹೋಗುವ ಬಸ್ಸಿನಲ್ಲಿದ್ದೆ.

ಕ್ಯಾನ್ಸರ್ ಇಂಜೆಕ್ಷನ್ ಶುರುವಾದ ಮೇಲೆ ಅವಳ ಬಾಯಿಗೆ ಅನ್ನವೂ ಕಬ್ಬಿಣದ ರುಚಿ. ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಅವಳೇ, ಮಾಂಸ ಹಾಕಿದ ಖಾರದ ಬಿಸ್ಕತ್ತು ತಿನ್ನಬೇಕು ಅನ್ನಿಸುತ್ತಿದೆ ಎಂದಳು. ಬೆಳಿಗ್ಗೆ ಬೇಗ ಎದ್ದು, ಹುರಿದ ಕೈಮಾ, ತುರಿದ ಚೀಸು, ಹಸಿಮೆಣಸಿನಕಾಯಿ ಎಲ್ಲವನ್ನೂ ಮೈದಾಹಿಟ್ಟಿಗೆ ಕಲಸಿ ಓವನ್ನಿನಲ್ಲಿ ಬೇಯಿಸಿದೆ. ತಟ್ಟೆಗಿಟ್ಟು ಕೊಟ್ಟರೆ ವಾಸನೆಗೇ ಮುಖ ತಿರುಗಿಸಿದಳು. ಬಿಸ್ಕತ್ತು ಮಾಡಿಟ್ಟಿದ್ದೇನೆ ಎಂದು ಅವ್ವನಿಗೆ ಹೇಳಿ ಬಸ್ಸಿಗೆ ಹೊರಟೆ.

ಆಮೇಲೆ ನಡೆದದ್ದು ಅವ್ವ ಹೇಳಿದಂತೆ: "ಬಿಸ್ಕತ್ ಅಂದ್ಯಲ್ಲಪ್ಪ, ನಾನು ಟೀಗೆ ಅದ್ದಿದೆ. ಕೈಮಾ ಎಲ್ಲ ಲೋಟದ ತಳಕ್ಕೋಯ್ತು. ಇವ್ಳು ನೋಡಿ, 'ಅತ್ತೆ, ಸಾರು ರೆಡಿ ಐತೆ, ಮುದ್ದೆ ತಿರುವ್ರಿ' ಅಂತ ನಗಾಡಿದ್ಲು. 'ನಗೋದಾದ್ರೆ ತಿಂದು ನಗು ಕಣೇ' ಅಂದೆ. ತಿಂದ್ಲು."

"ಆ ಟೀ ಏನ್ಮಾಡ್ದೆ ಅವ್ವಾ?"

"ಕುಡ್ದೆ. ಮಾಂಸ ಯಾರಾದ್ರೂ ಚೆಲ್ತಾರೇನ್ಲೇ?"

ಈ ತಿಂಗಳಲ್ಲಿ ಅನುಸೂಯ ನಕ್ಕಿದ್ದು ಇದೇ ಮೊದಲು. ನಾನು ಮಾಡಿದ್ದು ಬಿಸ್ಕತ್ತು ಅಷ್ಟೇ, ತಿನ್ನಿಸಿದ್ದು ಅವ್ವ. ಸಂಜೆ ಮನೆಗೆ ಬಂದು ಅವ್ವನ ಪಕ್ಕದಲ್ಲಿ ಕೂತು ಊಟ ಮಾಡಿದೆ. ಇಬ್ಬರೂ ಮಲಗಿದ್ದಾರೆ, ನನಗೂ ಕಣ್ಣು ಎಳೆಯುತ್ತಿದೆ.

ಗುರುವಾರ ಬೆಳಿಗ್ಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ತೂಕ ನೋಡುತ್ತಾರೆ.