ಗೆದ್ದ ಮಲ್ಕಮ್ಮನಿಗೆ ತಡೆಯಾಜ್ಞೆ ಕೊಟ್ಟವರಿಗೆ

ಸಹಕಾರ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮ ತೊಗರಿ ಬೆಳೆಗಾರರ ಬೇಳೆ ಗಿರಣಿಯ ಚುನಾವಣೆಯಲ್ಲಿ ಮಲ್ಕಮ್ಮ ಗೆದ್ದಳು. ಆ ಗೆಲುವಿಗೆ ತಾವು ತಡೆಯಾಜ್ಞೆ ಕೊಟ್ಟಿರಿ. ಮೀಸಲು ಸ್ಥಾನವಿರುವಾಗ ಪರಿಶಿಷ್ಟ ಜಾತಿಯ ಹೆಂಗಸು ಸಾಮಾನ್ಯ ಸ್ಥಾನಕ್ಕೆ ನಿಂತದ್ದು ತಪ್ಪಂತೆ. ಇದು ಯಾವ ಕಾನೂನು, ಸ್ವಾಮಿ? ಯಾರ ಮನೆಯ ಊಟದ ಪಂಕ್ತಿಯಲ್ಲಿ ಓದಿಕೊಂಡು ಬಂದಿರಿ?

ಮೂರು ವರ್ಷದ ಹಿಂದೆ, ೧೯೮೫ರಲ್ಲಿ, ಆಡಳಿತ ಮಂಡಳಿಗೆ ಮಹಿಳೆಯೊಬ್ಬಳನ್ನೂ ಪರಿಶಿಷ್ಟರೊಬ್ಬರನ್ನೂ ಹೊಸದಾಗಿ ನೇಮಿಸಬೇಕು ಎಂದು ಮೇಲಿನಿಂದ ಆದೇಶ ಬಂದಾಗ ಮಲ್ಕಮ್ಮನನ್ನು ನೇಮಿಸಿದವರು ತಾವೇ. ಒಬ್ಬಳಲ್ಲೇ ಎರಡನ್ನೂ ಮುಗಿಸಿದಿರಿ. ಜಾಣರು! ನನ್ನ ಗಂಡ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಆಯ್ಕೆಯಾಗಿ ನಾನು ಆಗಲೇ ಅಲ್ಲಿದ್ದೆ. ಉಳಿದವರೆಲ್ಲ ಅಧ್ಯಕ್ಷ ದೌಲತರಾಯರ ಅಳಿಯ, ಷಡ್ಡಕ, ಬೀಗರು. ಅವರಿಗೆ ನಾನೂ ದೂರದ ಸಂಬಂಧಿಯೇ.

ಸಭೆ ಗಿರಣಿಯಲ್ಲಿ ಅಲ್ಲ, ಅಧ್ಯಕ್ಷರ ಪಡಸಾಲೆಯಲ್ಲಿ ನಡೆಯುತ್ತಿತ್ತು. ಮೊದಲ ದಿನ ಮಡಿಕೆ ಮುರಿಯದ ಇಳಕಲ್ ಸೀರೆ ಉಟ್ಟು ಬಂದ ಮಲ್ಕಮ್ಮನನ್ನು ದೌಲತರಾಯರು ಬಾಗಿಲಲ್ಲೇ ತಡೆದರು.

"ನೀ ಅಲ್ಲೇ ಕಟ್ಟಿ ಮ್ಯಾಲ ಕೂಡು. ಸಭಾ ಮುಗದ ಮ್ಯಾಲ ಏನಾತಂತ ಹೇಳಿ ಕಳಸ್ತೀವಿ."

"ಹೇಳಿ ಕಳಸಾಕ ನಾ ಬ್ಯಾರೆ ಊರಿನ ಬೀಗತಿ ಏನ್ರಿ? ನಾನೂ ಡೈರೆಕ್ಟರ್ ಇದ್ದೀನ್ರಿ."

ಒಳಗೆ ನಗು ಎದ್ದಿತು. ನಾನು ಎದ್ದು ಹೊರಗೆ ಹೋಗಿ ಅವಳ ಪಕ್ಕ ಕುಳಿತೆ. ಅಂದಿನಿಂದ ನಮ್ಮಿಬ್ಬರ ಸಭೆ ಕಟ್ಟೆಯ ಮೇಲೆಯೇ.

ದೂರು ಕೊಟ್ಟೆವು. ತಾವು ಬಂದಿರಿ. "ಮಲ್ಕಮ್ಮ ಅವರನ್ನು ನಡುವೆ ಕೂಡಿಸಿ" ಎಂದು ಅಂಗಳದಲ್ಲಿ ಫೋಟೋ ತೆಗೆಸಿದಿರಿ. ಆಮೇಲೆ ತಾವು ಊಟಕ್ಕೆ ಒಳಗೆ ಹೋದಿರಿ, ಅವಳು ಕಟ್ಟೆಗೆ ಮರಳಿದಳು. ನಾನು ಕೇಳಿದ್ದಕ್ಕೆ ಕೈ ಒರೆಸಿಕೊಳ್ಳುತ್ತ, "ಪ್ರಾತಿನಿಧ್ಯ ಕೊಟ್ಟಾಗಿದೆಯಲ್ಲಮ್ಮಾ, ಇನ್ನೇನು ಬೇಕು?" ಎಂದಿರಿ.

ಇನ್ನೇನು ಬೇಕೆಂಬುದು ಆ ಕ್ಷಣವೇ ನಮಗೆ ಹೊಳೆಯಿತು. ದೌಲತರಾಯರ ಸ್ಥಾನವೇ ಬೇಕು.

ಈ ಸಲ ಮಲ್ಕಮ್ಮ ಸಾಮಾನ್ಯ ಸ್ಥಾನಕ್ಕೆ, ದೌಲತರಾಯರ ಎದುರಿಗೇ, ನಾಮಪತ್ರ ಹಾಕಿದಳು. ಅದೇ ವಾರ ಅವಳ ತೊಗರಿ ಬಣವೆಗೆ ಬೆಂಕಿ ಬಿತ್ತು. ಯಾರು ಹಚ್ಚಿದರೆಂದು ಪೊಲೀಸರು ಇವತ್ತಿಗೂ ಹುಡುಕುತ್ತಿದ್ದಾರಂತೆ. ಸಾಕು, ಹಿಂದೆ ಸರಿ ಎಂದು ನಾನೇ ಅತ್ತೆ. ಅವಳ ಕಣ್ಣು ಒಣಗಿತ್ತು.

"ಇನ್ನೇನ ಸುಡ್ತಾರ್ರಿ ಅಕ್ಕಾ? ನಿಲ್ಲೂದು ನಿಲ್ಲೂದ."

ಇಬ್ಬರೂ ಊರೂರು ತಿರುಗಿದೆವು. ಅಧ್ಯಕ್ಷರ ನೆಂಟರ ಗಾಡಿಗಳು ಮೊದಲು ಗಿರಣಿಯೊಳಗೆ ಹೋಗುತ್ತಿದ್ದವು, ಉಳಿದವರ ತೊಗರಿ ಗೇಟಿನ ಹೊರಗೆ ಮಳೆಗೆ ನೆನೆಯುತ್ತಿತ್ತು. ಅದನ್ನು ಯಾರೂ ಮರೆತಿರಲಿಲ್ಲ. ನಮ್ಮ ಓಣಿಯ ಗುರುಬಾಯಿ, ಮಲ್ಕಮ್ಮನ ಕೈಯ ನೀರನ್ನೂ ಕುಡಿಯದವಳು, ನನ್ನನ್ನು ಕರೆದು ಹೇಳಿದಳು: "ಓಟು ಅಕಿಗೇ ಹಾಕ್ತೀನಿ ಬೇ. ಅಕಿ ಒಳಗ ಹೋದ್ರ ನಂ ತೊಗರಿನೂ ಒಳಗ ಹೋಗ್ತದ."

ದೌಲತರಾಯರು ಸೋತರು. ಅಳಿಯ ಸೋತ, ಷಡ್ಡಕನೂ ಸೋತ. ಫಲಿತಾಂಶ ಕೇಳಿ ದೌಲತರಾಯರು ಚಪ್ಪಲಿ ಹುಡುಕುತ್ತ ನಿಂತದ್ದನ್ನು ನಾನು ಕಣ್ತುಂಬ ನೋಡಿದೆ. ಸಂತೋಷವಾಯಿತು, ಮುಚ್ಚಿಡುವುದೇಕೆ? ಮರುದಿನವೇ ತಮ್ಮ ತಡೆಯಾಜ್ಞೆ ಬಂತು.

ತಡೆ ತೆಗೆಯಿರಿ. ಗಿರಣಿಯ ಕಚೇರಿಯಲ್ಲೇ ಸಭೆ ಕರೆಯಿರಿ. ತಾವೇ ಬಂದು, ಎಲ್ಲರಿಗೂ ಕೇಳುವಂತೆ, ಅಧ್ಯಕ್ಷೆ ಮಲ್ಕಮ್ಮ ಎಂದು ಘೋಷಿಸಿರಿ. ತೆಗೆಯದಿದ್ದರೆ ಕೋರ್ಟು ತೆಗೆಸುತ್ತದೆ. ಗುಲಬರ್ಗಾದ ವಕೀಲರನ್ನು ನೋಡಿ ಬಂದಿದ್ದೇವೆ. ಗೆದ್ದವರಲ್ಲಿ ಬಹುಮತ ನಮ್ಮ ಕಡೆಯವರದು, ಅಧ್ಯಕ್ಷೆಯಾಗಿ ಅವರು ಆರಿಸುವುದು ಮಲ್ಕಮ್ಮನನ್ನೇ. ಮೊದಲ ಠರಾವು ಯಾವುದೆಂದು ನಿಶ್ಚಯವಾಗಿದೆ: ತಮ್ಮ ಮೇಲೆ ಇಲಾಖಾ ವಿಚಾರಣೆ ನಡೆಯಬೇಕು. ಅದಕ್ಕೆ ಸಹಿ ಹಾಕುವವಳು ಮಲ್ಕಮ್ಮ.

ಇಂತಿ,
ಗೆದ್ದೂ ಇನ್ನೂ ಅರ್ಜಿ ಬರೆಯುತ್ತಿರುವ
ಶಿವಕಾಂತಾ
ಮಾದನಹಿಪ್ಪರಗಾ, ಆಳಂದ ತಾಲೂಕು