ಭೀಮನ ಅಮಾವಾಸ್ಯೆಯ ರಜೆ

ಟಾಲಿಗಂಜ್, ಕೋಲ್ಕತ್ತಾ
೧೮ ನವೆಂಬರ್ ೨೦೨೫

ಪ್ರೀತಿಯ ವಸು,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಮೊಣಕಾಲು ಹೇಗಿದೆ? ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಕಕ್ಷಿದಾರರನ್ನು ಮನೆಯಲ್ಲೇ ನೋಡುತ್ತಿದ್ದೀಯಂತೆ, ಒಳ್ಳೆಯದಾಯಿತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈಚೆಗೆ ನಾನು ಫೋನು ಹಿಡಿದರೆ ಸಾಕು, ನಮ್ಮವರು ಟಿ.ವಿ. ಸದ್ದು ಕಡಿಮೆ ಮಾಡುತ್ತಾರೆ.

ಇವರ ಕೆಲಸ ನಿನಗೆ ಗೊತ್ತು, ಗಡಿ ದಾಟಿ ಬಂದವರನ್ನು ಪತ್ತೆಹಚ್ಚಿ ವಾಪಸು ಕಳಿಸುವುದು. ಜುಲೈ ೨೪ರಂದು, ಇಲ್ಲಿನ ಕಸ್ಬಾ ಬಡಾವಣೆಯಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಸಕಿನಾ ಬೀಬಿಯನ್ನು ಬಾಂಗ್ಲಾದೇಶದವಳೆಂದು ಹಿಡಿದು, ನದಿ ದಾಟಿಸಿ ಗಡಿಯಾಚೆ ತಳ್ಳಿಬಿಟ್ಟರು. ಅವಳು ಇಲ್ಲೇ ಹುಟ್ಟಿದವಳು. ಜನನ ಪತ್ರ ತೋರಿಸಿದಾಗ ಅಧಿಕಾರಿಯೊಬ್ಬರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರಂತೆ. ಮೂರು ತಿಂಗಳ ಮೇಲೆ ಹೈಕೋರ್ಟು ಅವಳನ್ನು ವಾಪಸು ಕರೆಸಿದೆ. ಈಗ ಅವಳ ವಕೀಲರು ಕೇಳುತ್ತಿರುವುದು ಒಂದೇ: ಆ ಅಧಿಕಾರಿ ಯಾರು?

ಇವರು ಮೊದಲು ನಕ್ಕರು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಕಾನೂನಿನ ರಕ್ಷಣೆ ಇದೆ, ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು, ಅದು ಸಿಗುವಷ್ಟರಲ್ಲಿ ತಾನು ರಿಟೈರಾಗಿರುತ್ತೇನೆ ಎಂದರು. ಜನನ ಪತ್ರದ ಮಾತು ಕೋರ್ಟಿನಲ್ಲಿ ಬಂದ ಮೇಲೆ ನಗು ನಿಂತಿತು. ಪತ್ರ ನೋಡಿಯೂ ಕಳಿಸಿದ್ದರೆ ಅದನ್ನು ಸದುದ್ದೇಶ ಎನ್ನಲಾಗುವುದಿಲ್ಲವಲ್ಲ. ಹೋದ ವಾರ ಕಾಫಿ ಕುಡಿಯುತ್ತಾ, "ಪದ್ಮಿ, ಅವತ್ತು ಭೀಮನ ಅಮಾವಾಸ್ಯೆ. ನಾನು ರಜೆ ಹಾಕಿ ಮನೇಲೇ ಇದ್ದೆ. ಅಷ್ಟು ಬರೆದುಕೊಡು ಸಾಕು" ಎಂದರು.

ಜಾಣತನ ನೋಡು. ಗಂಡನ ಪಾದಪೂಜೆ ಮಾಡಿದ ದಿನವನ್ನು ಯಾವ ಹೆಂಡತಿ ಮರೆಯುತ್ತಾಳೆ? ನಾನೂ ಮರೆತಿಲ್ಲ. ಬೆಳಿಗ್ಗೆ ಐದಕ್ಕೇ ಜೀಪು ಬಂದಿತ್ತು. ನಾನು ಕಡುಬು ಬೇಯಿಸಿಟ್ಟು ಸಂಜೆ ಆರರವರೆಗೆ ಉಪವಾಸ ಕೂತಿದ್ದೆ. ಪಾದ ತೊಳೆದಾಗ ತಟ್ಟೆಯ ನೀರೆಲ್ಲ ಕೆಸರಾಯಿತು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ, ನದಿಯ ಕಡೆ ಎಂದಷ್ಟೇ ಹೇಳಿದರು.

ಈಗ ರಜೆಯ ಅರ್ಜಿಯ ನಕಲನ್ನೂ ತಂದು ತೋರಿಸಿದ್ದಾರೆ. ಕಾಗದ ತೀರಾ ಹೊಸದಾಗಿದೆ ಅನ್ನಿಸಿತು; ಈಚೆಗೆ ನನಗೆ ಎಲ್ಲದರ ಮೇಲೂ ಅನುಮಾನ. ಇವರು ಅಲ್ಲಿರಲಿಲ್ಲ ಎಂದಾದರೆ ತಪ್ಪೆಲ್ಲ ಕೈಕೆಳಗಿನ ಪ್ರದೀಪನ ತಲೆಗೆ. ದುರ್ಗಾಪೂಜೆಗೆ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಹೆಂಡತಿಯ ಜೊತೆ ಬಂದಿದ್ದ ಎಂದು ಹೇಳಿದ್ದೆನಲ್ಲ, ಅವನೇ. ಕಾನೂನಿನ ಕೊಡೆ ಇರುವವರಿಗೆ ನನ್ನ ಸೆರಗು ಯಾಕೆ ಬೇಕಾಯಿತು, ವಸು? ಆ ಜೇಬಿಗೆ ಇನ್ನೆಷ್ಟು ಜನರ ಪತ್ರ ಹೋಗಿದೆಯೋ. ಮೊನ್ನೆ ಬಟ್ಟೆ ಒಗೆಯಲು ಹಾಕುವಾಗ ಇವರ ಅಂಗಿಗಳ ಜೇಬನ್ನೆಲ್ಲ ತಡಕಿದೆ. ಏನೂ ಸಿಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿ ಕಳ್ಳಿಯ ಹಾಗೆ ತಡಕಿದೆನಲ್ಲ ಎಂದು ಅಳು ಬಂತು.

ನೀನು ವಕೀಲಳು. ಸಹಿ ಹಾಕಲೋ ಬೇಡವೋ, ನೀನೇ ಹೇಳು.

ಶ್ರಾವ್ಯಳಿಗೆ ನನ್ನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಮಾಡಲಿ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ನಿನ್ನ
ಪದ್ಮಿನಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನಿನ್ನನ್ನು ಕೇಳಿದ್ದು ಬರೀ ನಾಟಕ. ನಿನ್ನೆಯೇ ಅಲಿಪುರದ ಕೋರ್ಟಿನ ಹತ್ತಿರ ಹೋಗಿ, ಇವರು ಹೇಳಿದ ಹಾಗೆಯೇ ಬರೆದ ಹೇಳಿಕೆಗೆ ಸಹಿ ಹಾಕಿ ಬಂದೆ. ಇವರು ಹೊರಗೆ ಕಾರಿನಲ್ಲಿದ್ದರು, ಒಳಗೆ ನಾನೂ ನೋಟರಿಯೂ ಇಬ್ಬರೇ. ಯಾರ ಒತ್ತಾಯವೂ ಇಲ್ಲ ತಾನೇ ಎಂದು ಅವರು ಎರಡು ಸಲ ಕೇಳಿದರು. ಇಲ್ಲ ಎಂದೆ, ಅದನ್ನೂ ಬರೆದುಕೊಂಡರು. ಆ ಕಾಗದದಲ್ಲಿ ನಿಜವಾಗಿರುವುದು ಅದೊಂದೇ ಮಾತು, ವಸು.